ಹನಮಂತನ ಹಾಕಿ ಕೋಲು

ಊರವರು ಕೂಡಿ ಕೊಡಿಸಿದ ಹಾಕಿ ಕೋಲುಗಳೆಲ್ಲ ಒಂದೇ ರಾಶಿಯಲ್ಲಿರಬೇಕು, ಕೈಗೆ ಬಂದದ್ದರಲ್ಲಿ ಆಡಬೇಕು. ಸಿಂದಗಿಯ ಹುಡುಗರ ತಂಡ ಕಟ್ಟುವಾಗ ಎಲ್ಲರೂ ಒಪ್ಪಿದ್ದ ನಿಯಮವಿದು, ಎಲ್ಲರೂ ಮುರಿದದ್ದೂ ಇದನ್ನೇ.

ನಾನು ಅಂಪೈರ್ ಆಗಿ ಹೋದ ದಿನ ಒಂದು ಕೋಲು ಮಾತ್ರ ಕೆಂಪು ಚಿಂದಿ ಕಟ್ಟಿಸಿಕೊಂಡು ಬೇವಿನ ಮರಕ್ಕೆ ಒರಗಿತ್ತು. ಅದು ಊರಾಚೆಯ ಕೇರಿಯ ಹನಮಂತನದು. ಉಳಿದವರು ಮುಟ್ಟುತ್ತಿರಲಿಲ್ಲ.

“ಇದ್ಯಾಕೆ ಬೇರೆ?” ಎಂದೆ.

“ಆಡಾಕ ಬಿಟ್ಟೇವಲ್ರಿ ಸಾಹೇಬ್ರ, ಇನ್ನೇನ್ ಮಾಡೂಣು?” ಎಂದರು, ತಂಡದ ಖರ್ಚು ವಹಿಸಿದ್ದ ಸಾವ್ಕಾರರು.

ಚಿಂದಿ ಬಿಚ್ಚಿ ಕೋಲನ್ನು ರಾಶಿಯಲ್ಲಿ ಬೆರೆಸಿಬಿಟ್ಟೆ. ಎಲ್ಲವನ್ನೂ ಒಬ್ಬನೇ ಬಡಿಗ ಮಾಡಿದ್ದರಿಂದ ಯಾವುದು ಯಾವುದೆಂದು ತಿಳಿಯುವಂತಿರಲಿಲ್ಲ. ಶೀಟಿ ಊದಿದೆ. ಒಬ್ಬ ಹುಡುಗನೂ ರಾಶಿಗೆ ಕೈ ಹಾಕಲಿಲ್ಲ.

“ಹನಮ್ಯಾ, ನಿಂದ್ಯಾವ್ದು ತೋರ್ಸಲೇ. ಆಟ ನಿಂತ್ರ ಜಿಲ್ಲಾ ಟೀಮಿಗೆ ನೀನೂ ಹೋಗಂಗಿಲ್ಲ, ನೋಡು” ಎಂದರು ಸಾವ್ಕಾರರು.

ಅದು ನಿಜ. ಆಯ್ಕೆ ಆ ಪಂದ್ಯದಿಂದಲೇ ಆಗಬೇಕಿತ್ತು, ಅದಕ್ಕೆ ಯೋಗ್ಯನಾದವನೂ ಅವನೊಬ್ಬನೇ.

ಹನಮಂತ ರಾಶಿಯನ್ನು ದಿಟ್ಟಿಸಿದ. ದಿನವೂ ಹಿಡಿದಾಡಿದ ತನ್ನ ಕೋಲು ಅವನಿಗೆ ಗೊತ್ತಿತ್ತು, ಸಂಶಯವಿಲ್ಲ.

“ಎಲ್ಲಾ ನಮ್ಮ ಟೀಮಿನವೇ ಅದಾವ್ರಿ” ಎಂದವನೇ ಮೈದಾನದ ನಡುವೆ ಹೋಗಿ ಕೈಕಟ್ಟಿ ಕುಳಿತ.