ಬಾಗಿಲಿಗೊಂದು ಕೋಟೆ ಕಲ್ಲು

ಕಲ್ಲು ಕಂಡರೆ ಬೆರಳ ಗೆಣ್ಣಿನಿಂದ ತಟ್ಟಿ ನೋಡುವ ಚಾಳಿ ನನಗಿದೆ. ಕೆಲವರು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುವುದಿಲ್ಲವೇ, ಹಾಗೆ. ಒಳಗೆ ಸೀಳಿದೆಯೋ ಗಟ್ಟಿಯಿದೆಯೋ ಸದ್ದಿನಲ್ಲೇ ತಿಳಿದುಬಿಡುತ್ತದೆ. ಈ ಚಾಳಿಯಿಂದ ನಮ್ಮ ಮಾಗಡಿ ಸೀಮೆಯಲ್ಲಿ ನನಗೆ ಮರ್ಯಾದೆಯೇ ಸಿಕ್ಕಿದೆ. ಅದು ಹೋದದ್ದು ಸ್ಕಾಟ್ಲೆಂಡಿನಲ್ಲಿ.

ನನ್ನ ಮಗಳು ಎಡಿನ್‌ಬರೋದಲ್ಲಿ ನರ್ಸು. ಅವಳ ಬಾಣಂತನಕ್ಕೆ ನನ್ನ ಹೆಂಡತಿ ಹೊರಟಳು. ಹಿಟ್ಟು, ಖಾರದಪುಡಿಗಳ ಮೂಟೆ ಹೊರಲು ನಾನೂ ಹೊರಟೆ. ಆ ಊರಿನ ನಡುವೆ ಒಂದು ಕರಿ ಬಂಡೆ, ಬಂಡೆಯ ನೆತ್ತಿಯ ಮೇಲೆ ಲೋಕಪ್ರಸಿದ್ಧ ಕೋಟೆ. ನೋಡದೆ ಬಂದರೆ ಊರಿನಲ್ಲಿ ನಗುತ್ತಾರೆಂದು ಮಗಳು ಒಂದು ದಿನ ಕರೆದುಕೊಂಡು ಹೋದಳು.

ಹೋದ ಗಳಿಗೆಯಿಂದಲೇ ನನಗೆ ಸಿಟ್ಟು. ಗೋಡೆಗೆ ಗೋಡೆ ಇದೆ, ಮೆಟ್ಟಿಲಿಗೆ ಮೆಟ್ಟಿಲಿದೆ, ಒಂದು ಹಲ್ಲೂ ಬಿದ್ದಿಲ್ಲದ ಮುದುಕನ ಹಾಗೆ. ಮಧ್ಯಾಹ್ನ ಒಂದು ಗಂಟೆಗೆ ತೋಪು ಹಾರಿಸಿ ನನ್ನ ಎದೆ ನಡುಗಿಸಿದರು. ಯಾರ ಮೇಲೂ ಯುದ್ಧವಿಲ್ಲವಂತೆ, ಬರೀ ಗಂಟೆ ಹೇಳುವುದಕ್ಕಂತೆ. ಇನ್ನೊಂದು ಕಡೆ ಸಿಪಾಯಿಗಳು ಸಾಕಿದ ನಾಯಿಗಳ ಸಮಾಧಿ. ಮೇಲಿನಿಂದ ಇಣುಕಿ ನೋಡಿದೆ. ನಾಯಿಗೊಂದು ಕಲ್ಲು ನೆಟ್ಟಿದ್ದಾರೆ, ಆ ಕಲ್ಲನ್ನು ಯಾರೂ ಕಿತ್ತಿಲ್ಲ! ನಮ್ಮೂರಲ್ಲಿ ಅಷ್ಟು ಹದವಾದ ಕಲ್ಲುಗಳು ಬಟ್ಟೆ ಒಗೆಯುವುದಕ್ಕೆ ಯಾವತ್ತೋ ಹೋಗಿರುತ್ತಿದ್ದವು.

ಹೀಗೆ ಯೋಚಿಸುತ್ತಲೇ ನಾನು ಕೋಟೆಯನ್ನು ಊರಿಗೆ ಹಂಚತೊಡಗಿದ್ದೆ. ಇದು ಕೊಟ್ಟಿಗೆಗೆ, ಇದು ಬಚ್ಚಲಿಗೆ. ಒಂದು ಬಾಗಿಲ ಬುಡದಲ್ಲಿ ನುಣುಪಾದ ಉದ್ದನೆಯ ಕಲ್ಲು ಕಂಡಿತು. ಕೈ ಸುಮ್ಮನಿರಲಿಲ್ಲ, ಕೂತು ತಟ್ಟಿದೆ. "ಆಹಾ, ಬಾಗಿಲ ಕಲ್ಲಿಗೆ ಹೇಳಿ ಮಾಡ್ಸಿದಂಗೈತೆ ಕಣವ್ವ!" ಎಂದೆ. ಕಾವಲಿನವನು ಬಂದು ಎದ್ದೇಳಿ ಎಂದು ನಯವಾಗಿ ಕೈ ತೋರಿಸಿದ. ನಯ ತೋರದವಳು ಮಗಳು.

"ಏಳಪ್ಪೋ! ಕಿತ್ಕೊಂಡೋಗಕೆ ಇದೇನು ನಮ್ಮೂರ್ ಗುಡ್ಡದ ಕೋಟೆನಾ?"

ಮೈಗೆ ಬೆಂಕಿ ಹತ್ತಿತು. ಸಿಟ್ಟು ಅವಳ ಮೇಲೆಂದುಕೊಂಡೆ. ಅವಳೊಡನೆ ಎರಡು ದಿನ ಮಾತು ಬಿಟ್ಟೆ. ಸಿಟ್ಟು ಯಾರ ಮೇಲೆ ಎಂದು ತಿಳಿದದ್ದು ವಾಪಸು ಬಂದು ನನ್ನ ಮನೆಯ ಬಾಗಿಲ ಕಲ್ಲಿನ ಮೇಲೆ ಕಾಲಿಟ್ಟಾಗ.

ನಮ್ಮೂರ ಹಿಂದಿನ ಗುಡ್ಡದ ಮೇಲೂ ಪಾಳೇಗಾರರ ಕಾಲದ ಕೋಟೆ ಇದೆ. ಇತ್ತು ಎನ್ನಬೇಕು. ನಮ್ಮಲ್ಲೊಂದು ಪದ್ಧತಿ: ಹೊಸ ಮನೆ ಕಟ್ಟಿದವರು ಬಾಗಿಲ ಮುಂದಿನ ಮೆಟ್ಟಿಲಿಗೆ ಕೋಟೆಯಿಂದ ಒಂದು ಕಲ್ಲು ತಂದು ಹಾಕಬೇಕು, ಅದನ್ನು ತುಳಿದು ಒಳಗೆ ಹೋದರೆ ಮನೆ ಕೋಟೆಯಷ್ಟು ಗಟ್ಟಿ. ಒಂದೇ ಕಲ್ಲು. ಎರಡು ತಂದವನನ್ನು ಕಳ್ಳ ಅನ್ನುತ್ತಿದ್ದೆವು. ಹೈಸ್ಕೂಲಿನ ಚರಿತ್ರೆಯಲ್ಲಿ ನಾನು ಓದಿದ ಕೋಟೆಗಳೆಲ್ಲ ಶತ್ರುಗಳ ತೋಪಿಗೆ ಬಿದ್ದವು. ನಮ್ಮ ಕೋಟೆಗೆ ಯಾವ ಶತ್ರುವೂ ಬಂದ ಸುದ್ದಿಯಿಲ್ಲ. ಬಂದದ್ದು ಗೃಹಪ್ರವೇಶಗಳು.

ಊರಿಗೆ ಮೊದಲು ಟ್ರ್ಯಾಕ್ಟರ್ ತಂದವನು ನಾನು. ನನ್ನ ಮನೆಗೆ ತಂದದ್ದು ಒಂದೇ ಕಲ್ಲು, ನಿಜ. ಆದರೆ ಊರಿನವರ ಕಲ್ಲುಗಳನ್ನೆಲ್ಲ ತಟ್ಟಿ, ಆರಿಸಿ, ಟ್ರೈಲರಿನಲ್ಲಿ ಇಳಿಸಿಕೊಟ್ಟವನೂ ನಾನೇ. ಬಾಡಿಗೆ ಮುಟ್ಟುತ್ತಿರಲಿಲ್ಲ, ದೇವರ ಕೆಲಸವೆಂದು. ಊಟಕ್ಕೆ ಕೂತರೆ ಮೊದಲ ಒಬ್ಬಟ್ಟು ನನ್ನ ಎಲೆಗೆ ಬೀಳುತ್ತಿತ್ತು. ಒಂದು ಕೋಟೆಯನ್ನು ಒಬ್ಬಟ್ಟಿಗೆ ತಿಂದು ಮುಗಿಸಿದ ಮನುಷ್ಯ ಇನ್ನೊಬ್ಬರ ಕೋಟೆ ನೋಡಿ ಹೊಟ್ಟೆ ಉರಿದುಕೊಂಡರೆ ಅದಕ್ಕೇನು ಹೇಳೋಣ?

ಹೋದ ತಿಂಗಳು ನನ್ನ ತಮ್ಮನ ಮಗ ಶಿವರಾಜು ಬಂದ. ಹೊಸ ಮನೆ ಕಟ್ಟಿದ್ದಾನೆ.

"ದೊಡ್ಡಪ್ಪ, ಶುಕ್ರವಾರ ಗೃಹಪ್ರವೇಶ. ಗುಡ್ಡದ ಮ್ಯಾಲೆ ಒಳ್ಳೇ ಕಲ್ಲು ಅಂತ ಉಳ್ದಿರೋದು ಹೆಬ್ಬಾಗ್ಲು ಬುಡದ್ದೊಂದೇ. ಜೆಸಿಬಿಯವ್ನಿಗೆ ಹೇಳಿವ್ನಿ. ನೀನು ಬಂದು ಒಸಿ ತಟ್ಟಿ ನೋಡು."

ಆ ಕಲ್ಲು ಎದ್ದರೆ ಹೆಬ್ಬಾಗಿಲು ಕುಸಿದು ಕೂರುತ್ತದೆ. ಹೆಬ್ಬಾಗಿಲು ಕೂತರೆ ಕೋಟೆಯಿತ್ತು ಎನ್ನುವುದಕ್ಕೆ ಸಾಕ್ಷಿಯೇ ಇಲ್ಲ.

"ಮುಟ್ಟುದ್ರೆ ಕೈ ಮುರೀತೀನಿ ಕಣ್ಲಾ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಅವನೂ ಬಿಡಲಿಲ್ಲ. "ಊರ್ಗೆಲ್ಲ ಹೊತ್ಕೊಟ್ಟೆ. ನನ್ ಮನೆ ಸರದಿ ಬಂದಾಗ ಫಾರಿನ್ ಬುದ್ಧಿ ಬಂದ್ಬುಡ್ತಾ ನಿಂಗೆ? ನೀನು ಮಾತ್ರ ದಿನಾ ಕೋಟೆ ಕಲ್ಲು ತುಳ್ಕೊಂಡು ಒಳೀಕೋಗು, ನಾವು ಸಿಮೆಂಟ್ ತುಳೀತೀವಿ!"

ನಾನು ಒಳಗೆ ಹೋದೆ. ಮೂಲೆಯಲ್ಲಿ ಹಾರೆ ಇತ್ತು. ಅದನ್ನು ತಂದು ನನ್ನ ಬಾಗಿಲ ಕಲ್ಲಿನ ಸಂದಿಗೆ ಹಾಕಿದೆ. "ತಗಾ, ಇದೂ ಕೋಟೆ ಕಲ್ಲೇ. ನಾನೇ ಆರ್ಸಿದ್ದು. ಹಿಡ್ಕೊ ಆ ಕಡೆ!" ಅವನು ಬೆಪ್ಪಾಗಿ ಹಿಡಿದ, ಇಬ್ಬರೂ ಕಲ್ಲೆಬ್ಬಿಸಿದೆವು. ಒಳಗಿಂದ ಬಂದ ನನ್ನ ಹೆಂಡತಿ ಮೆಟ್ಟಿಲಿಲ್ಲದ ಬಾಗಿಲಲ್ಲಿ ನಿಂತು, "ಈ ವಯಸ್ನಲ್ಲಿ ಮನೆ ಒಳೀಕೋಗಕೆ ಏಣಿ ಹಾಕ್ಬೇಕಾ? ಬುದ್ಧಿ ಬಂದ್ರೂ ಹೊತ್ತು ಗೊತ್ತು ನೋಡ್ಕೊಂಡು ಬರ್ಬಾರ್ದಾ?" ಎಂದಳು.

ಶುಕ್ರವಾರ ಶಿವರಾಜು ಅದೇ ಕಲ್ಲು ತುಳಿದು ಒಳಗೆ ಹೋದ. ಗುಡ್ಡದ ಹೆಬ್ಬಾಗಿಲು ನಿಂತಿದೆ, ಮುಂದಿನ ಗೃಹಪ್ರವೇಶದವರೆಗೆ. ಆಗ ಕೊಡಲು ನನ್ನ ಹತ್ತಿರ ಇನ್ನೊಂದು ಕಲ್ಲಿಲ್ಲ. ಉಳಿದಿರುವುದು ಬಾಯಿ, ಅದನ್ನು ಗಟ್ಟಿಯಾಗಿಟ್ಟುಕೊಂಡಿದ್ದೇನೆ.

ಇಟ್ಟಿಗೆ ಜೋಡಿಸಿ ಮೆಟ್ಟಿಲು ಮಾಡಿಸಿಕೊಡುತ್ತೇನೆಂದು ಶಿವರಾಜು ಎರಡು ಸಲ ಬಂದ. ಬೇಡವೆಂದು ಬೈದು ಕಳಿಸಿದೆ. ಹೆಂಡತಿ ಹಿತ್ತಿಲ ಬಾಗಿಲಿನಿಂದ ಓಡಾಡುತ್ತಾಳೆ. ನಾನು ಬಾಗಿಲ ಚೌಕಟ್ಟು ಹಿಡಿದು, ಮಂಡಿಯನ್ನೂ ನನ್ನನ್ನೂ ಶಪಿಸಿಕೊಂಡು, ಮುಂಬಾಗಿಲಿನಿಂದಲೇ ಹತ್ತುತ್ತೇನೆ. ಶತ್ರು ಸುಲಭವಾಗಿ ಒಳಗೆ ನುಗ್ಗಬಾರದೆಂದು ತಾನೇ ಕೋಟೆ ಕಟ್ಟುವುದು? ನಮ್ಮೂರ ಕೋಟೆಗೆ ಶತ್ರು ಯಾರೆಂದು ಗೊತ್ತಾಗಿದೆ. ದಿನಕ್ಕೆ ನಾಲ್ಕಾರು ಸಲ ಅವನು ಏದುಸಿರು ಬಿಡುತ್ತ ನನ್ನ ಬಾಗಿಲು ಹತ್ತುತ್ತಾನೆ.