ಒಂದೇ ತಾಡಪತ್ರಿಯ ಕೆಳಗೆ ಮೂರು ಒಲೆ

ಕೋವಿಡ್ ಕಳೆದ ಮರುವರ್ಷ ನಾನು ಪುಣೆಯ ಖರಾಡಿಯಲ್ಲಿ, ಖಾಸಗಿ ನಕ್ಷೆ ಕಚೇರಿಯೊಂದರಲ್ಲಿ ಹಿರಿಯ ಜಿಐಎಸ್ ವಿಶ್ಲೇಷಕನಾಗಿದ್ದೆ. ಜಿಐಎಸ್ ಅಂದರೆ ಮನೆ, ರಸ್ತೆ, ಕಾಲುವೆಗಳನ್ನು ಕಂಪ್ಯೂಟರಿನಲ್ಲಿ ಪದರ ಪದರವಾಗಿ ಜೋಡಿಸುವ ವಿದ್ಯೆ. ಹಡಪಸರದ ಕಾಲುವೆ ದಂಡೆಯ ತಗಡಿನ ಮನೆಗಳನ್ನು ಪಾಲಿಕೆಯವರು ತೆರವು ಮಾಡಲಿದ್ದರು. ಮನೆಗೊಂದರಂತೆ ಫ್ಲ್ಯಾಟ್ ಕೊಡಲು ನಕ್ಷೆ ಬೇಕಿತ್ತು.

ಡ್ರೋನ್ ಹಾರಿಸಿದ್ದು ಮಳೆಗಾಲದಲ್ಲಿ. ಚಿತ್ರದಲ್ಲಿ ಕಂಡ ಪ್ರತಿ ಚಾವಣಿಯ ಸುತ್ತ ಸಾಫ್ಟ್‌ವೇರ್ ಗೆರೆ ಎಳೆಯುತ್ತದೆ. ಅದನ್ನು ಪಾಲಿಗನ್ ಎನ್ನುತ್ತೇವೆ. ಒಂದು ಪಾಲಿಗನ್ ಎಂದರೆ ಒಂದು ಮನೆ. ಆಮೇಲೆ ಸ್ಥಳಕ್ಕೆ ಹೋಗಿ ತಾಳೆ ನೋಡಬೇಕು. ನಾನು ಕೇಳಿದ್ದಕ್ಕೆ ಕಚೇರಿಯವರು ಸಮಯವಿಲ್ಲ ಎಂದರು. ಹಂಚಿಕೆ ಪ್ರಕಟವಾಗಿ ದೂರು ಬಂದ ಮೇಲಷ್ಟೇ ನನ್ನನ್ನು ಕಳಿಸಿದರು, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ದೂರು ಕೊಟ್ಟವರು ಮಹಾದೇವಿ, ವಿಜಯಪುರದ ಕಡೆಯವರು, ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ತೊಳೆಯುತ್ತಿದ್ದರು. ಆ ದಂಡೆಯಲ್ಲೊಂದು ರೂಢಿ. ಮಳೆ ಹಿಡಿಯುವ ಮುಂಚೆ ಅಕ್ಕಪಕ್ಕದವರು ಸೇರಿ ದೊಡ್ಡದೊಂದು ತಾಡಪತ್ರಿ, ಅಂದರೆ ನೀಲಿ ಟಾರ್ಪಾಲಿನ್, ತಂದು ಎಲ್ಲರ ತಗಡಿನ ಮೇಲೂ ಹೊದಿಸುತ್ತಾರೆ, ಸಂದಿನಲ್ಲಿ ನೀರಿಳಿಯುವುದಿಲ್ಲ. ಹೀಗಾಗಿ ಮೇಲಿನಿಂದ ಮೂರು ಮನೆ ಒಂದೇ ನೀಲಿ ಚೌಕವಾಗಿ ಕಂಡಿತ್ತು. ಚೌಕದ ನಟ್ಟನಡುವಿನ ಬಿಂದು ಯಾರ ಮನೆ ಮೇಲೆ ಬೀಳುತ್ತದೋ ಫ್ಲ್ಯಾಟ್ ಅವರದು. ಅದು ನಡುವಿನ ಮನೆಯ ಮರಾಠಿ ಕುಟುಂಬದ ಪಾಲಾಗಿತ್ತು, ಮಹಾದೇವಿಯದೂ ಸೇರಿ ಅಕ್ಕಪಕ್ಕದ ಎರಡು ಮನೆಗಳಿಗೆ ಏನೂ ಸಿಕ್ಕಿರಲಿಲ್ಲ.

ಮಹಾದೇವಿ ನನ್ನನ್ನು ಮೂರೂ ಮನೆಯೊಳಗೆ ಕರೆದೊಯ್ದರು. "ತಾಡಪತ್ರಿ ಒಂದ ಇತ್ರಿ ಸಾಹೇಬ್ರ, ಒಲಿ ಮೂರು ಅದಾವ" ಎಂದರು.

ಮೂರು ಪಾಲಿಗನ್ ಬಿಡಿಸಿ ಪಾಲಿಕೆಯ ಅಧಿಕಾರಿಯ ಮುಂದಿಟ್ಟೆ. ನಕ್ಷೆ ಮಂಜೂರಾಗಿದೆ, ಒಂದನ್ನು ತಿದ್ದಿದರೆ ಇಡೀ ದಂಡೆ ಬಂದು ಬಾಗಿಲಲ್ಲಿ ನಿಲ್ಲುತ್ತದೆ ಎಂದು ಅವರು ಮರಾಠಿಯಲ್ಲಿ ಸಮಾಧಾನವಾಗಿಯೇ ಹೇಳಿದರು. ಅವರ ಸಮಾಧಾನಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಮೇಲಿನವರಿಗೆ ಬರೆದೆ, ಅಲೆದೆ, ಬಂಡೆಗೆ ತಲೆ ಚಚ್ಚಿಕೊಂಡಂತಾಯಿತು. ಜೆಸಿಬಿ ಬಂದ ದಿನ ಮಹಾದೇವಿ ರಾಂಜಣಗಾಂವದ ತಂಗಿಯ ಖೋಲಿಗೆ ಹೊರಟರು. ನಡುವಿನ ಮನೆಯವರು ಮುಖ ಕೊಡದೆ ಸಾಮಾನು ಹೇರುತ್ತಿದ್ದರು.

ಮರು ಮಳೆಗಾಲ ದಂಡೆಯ ಮುಂದಿನ ಭಾಗದ ಸರ್ವೆಗೆ ಹೋದೆ. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಪ್ರತಿ ತಗಡಿಗೂ ಬೇರೆ ತಾಡಪತ್ರಿ, ನಡುವೆ ಬೇಕೆಂದೇ ಬಿಟ್ಟ ಸಂದು. "ಮ್ಯಾಲಿಂದ ಬ್ಯಾರೆ ಬ್ಯಾರೆ ಕಾಣಬೇಕಲ್ರಿ" ಎಂದಳೊಬ್ಬಳು. ಜನ ಹೇಗೆ ಬದುಕುತ್ತಾರೋ ಅದನ್ನು ನಕ್ಷೆ ತೋರಿಸುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದೆ. ನಕ್ಷೆಗೆ ತಕ್ಕಂತೆ ಜನ ಬದುಕಲು ಕಲಿಯುತ್ತಾರೆಂದು ಈ ಕೆಲಸ ಕಲಿಸಿತು. ಸಂದಿನಿಂದ ಗೋಡೆಗುಂಟ ನೀರು ಇಳಿಯುತ್ತಿತ್ತು. ಸಂದಿನ ಎರಡೂ ಬದಿಯ ಮನೆಯವರು ತಮ್ಮ ತಮ್ಮ ಕಡೆ ಬಕೆಟ್ ಇಟ್ಟುಕೊಂಡಿದ್ದರು.