ರೋಗಿಯಿರುವ ಮನೆಯಲ್ಲಿ ಚರಿತ್ರೆ ಓದಿದ್ದು

ಲಾಕ್‌ಡೌನಿನ ಎರಡನೇ ವರ್ಷ ನಮ್ಮ ಯಜಮಾನರನ್ನು ಕೊರೊನಾ ಅಂತ ಆಸ್ಪತ್ರೆಗೆ ಸೇರಿಸಿಕೊಂಡರು. ಮಲೇಶಿಯಾದ ಸುಬಾಂಗ್ ಜಯಾದ ಮನೆಯಲ್ಲಿ ಉಳಿದವರು ನಾನು, ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದ ಮಗಳು, ಇಬ್ಬರೇ. ನಮ್ಮಿಬ್ಬರಿಗೂ ನೆಗೆಟಿವ್ ಬಂದದ್ದು ದೇವರ ದಯೆ. ಅವರಿಗೆ ಮಾಸ್ಕ್ ಹಾಕಿ ಆಕ್ಸಿಜನ್ ಕೊಡುತ್ತಿದ್ದರು, ಮಾತಾಡುವ ಹಾಗಿರಲಿಲ್ಲ. ದಿನಾ ಹನ್ನೊಂದು ಗಂಟೆಗೆ ನರ್ಸ್ ವಾಟ್ಸಾಪಿನಲ್ಲಿ ಅವರ ಮುಖ ತೋರಿಸುತ್ತಿದ್ದಳು. ಅದೂ ದೇವರ ದಯೆಯೇ.

ನಮ್ಮ ಕಡೆ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ ಸಾವುನೋವಿನ ಕಥೆ ಗಟ್ಟಿಯಾಗಿ ಓದುವುದಿಲ್ಲ. ಪುರಾಣ ಓದುವಾಗಲೂ ಯುದ್ಧದ ಭಾಗ ಬಂದರೆ ಪುಸ್ತಕ ಮುಚ್ಚಿ ಎತ್ತಿಡುತ್ತಾರೆ. ಐದನೇ ದಿನ ದೇವರ ಮುಂದೆ ಕೂತಿದ್ದೆ. ಕೋಣೆಯಿಂದ ಮಗಳ ಇಂಗ್ಲಿಷ್ ಕೇಳಿಸಿತು. ರಾಜನ ತಲೆ ಕಡಿದರಂತೆ, ಪ್ಲೇಗ್ ಬಂದು ಬೀದಿ ತುಂಬ ಹೆಣಗಳಂತೆ. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ.

"ನಿಲ್ಲಿಸೇ!" ಅಂತ ಕೂಗಿದೆ. ಅವಳ ಕಿವಿಗೆ ಹೆಡ್‌ಫೋನ್. ಹೋಗಿ ವೈಫೈ ಸ್ವಿಚ್ಚೇ ಆರಿಸಿಬಿಟ್ಟೆ.

ಮಗಳು ಓಡಿ ಬಂದಳು. "ಅಮ್ಮಾ! ನಂದು ಪ್ರೆಸೆಂಟೇಶನ್ ನಡೀತಿತ್ತು!"

"ಅಪ್ಪ ಆ ಸ್ಥಿತೀಲಿರುವಾಗ ಹೆಣದ ಮಾತೇನೇ?"

"ಹದಿನೆಂಟನೇ ಶತಮಾನದ ಕಾದಂಬರಿ ಲಾ," ಅಂದಳು, ಇಲ್ಲಿನವರ ಹಾಗೆ ಮಾತಿಗೆ 'ಲಾ' ಸೇರಿಸಿ. "ಅದರ ಹುಡುಗಿ ಓದೋ ಹಿಸ್ಟರೀನೇ ಓದಿ ತೋರಿಸ್ತಿದ್ದೆ. ಅದರಲ್ಲಿ ಹೆಂಗಸರು ಹಿಸ್ಟರಿ ಓದಿದ್ರೆ ಜನ ಏನಂತಾರೆ ಅನ್ನೋದು ಟಾಪಿಕ್. ಕಥೆ ಓದಿದ್ರೆ ಹುಡುಗಿ ಕೆಡ್ತಾಳೆ, ಹಿಸ್ಟರಿ ಓದಲಿ ಅಂತ ಹಿರಿಯರೇ ಕೊಡ್ತಾರೆ. ಓದಿ ನಾಲ್ಕು ಜನರ ಮುಂದೆ ಬಾಯಿಬಿಟ್ರೆ, ಇವಳನ್ನ ಯಾರು ಕಟ್ಕೋತಾರೆ ಅಂತ ನಗ್ತಾರೆ. ಅವರು ನಗ್ತಿದ್ರು ಅಷ್ಟೇ, ನೀನು ಸ್ವಿಚ್ಚೇ ಆರಿಸ್ದೆ!"

ಗಡಿಯಾರ ನೋಡಿದೆ. ಹನ್ನೊಂದು ಹತ್ತು. ನನ್ನ ಫೋನಿಗೂ ಅದೇ ವೈಫೈ.

ಮತ್ತೆ ಸ್ವಿಚ್ ಹಾಕಿದಾಗ ಆಸ್ಪತ್ರೆಯಿಂದ ಎರಡು ಕರೆ ಬಂದು ಹೋಗಿದ್ದವು. ಯಾವತ್ತೂ ಒಂದೇ ಸಲ ಮಾಡುವವರು ಇವತ್ತು ಎರಡು ಸಲ ಯಾಕೆ ಮಾಡಿದರು? ತಿರುಗಿ ಮಾಡಿದರೆ ಎತ್ತುವವರಿಲ್ಲ. ಮಗಳು ಕ್ಲಾಸು ಬಿಟ್ಟು ನನ್ನ ಪಕ್ಕ ನೆಲದಲ್ಲಿ ಕೂತಳು. ಅವಳು ಓದಿದ್ದಕ್ಕೆ ಕೆಡುಕಾಯಿತೋ, ನಾನು ತಡೆದದ್ದಕ್ಕೋ ಎಂದು ತಿಳಿಯಲಿಲ್ಲ. ದೇವರ ಹೆಸರೂ ಬಾಯಿಗೆ ಬರಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಫೋನ್ ಬಂತು. "ಎಲ್ಲಿ ಹೋಗಿದ್ರಿ ಅಕ್ಕಾ?" ಅಂತ ನರ್ಸ್ ತಮಿಳಿನಲ್ಲಿ ಬೈದಳು. ಯಜಮಾನರ ಮಾಸ್ಕ್ ತೆಗೆದು ಮೂಗಿಗೆ ಸಣ್ಣ ನಳಿಗೆ ಹಾಕಿದ್ದರು. ನಮ್ಮ ಹತ್ತಿರ ಮಾತಾಡಬೇಕೆಂದು ಅವರೇ ಹಟ ಹಿಡಿದು ಎರಡನೇ ಸಲ ಮಾಡಿಸಿದ್ದರಂತೆ.

"ಪುಟ್ಟೀ, ಕ್ಲಾಸ್ ಇಲ್ವಾ?" ಅಂದರು. ದನಿ ಕೀರಲು.

"ಹಿಸ್ಟರಿ ಓದ್ತಿದ್ದೆ ಅಪ್ಪಾ, ಅಮ್ಮ ಬಿಡಲಿಲ್ಲ."

"ನಂಗೆ ಓದು. ಇಲ್ಲಿ ಮಾತಾಡೋರೇ ಇಲ್ಲ."

ಬೇಡ ಅನ್ನಲು ಬಾಯಿ ತೆರೆದೆ. ಮಗಳು ನನ್ನ ಮುಖ ನೋಡಿದಳು. ಫೋನನ್ನು ಇಬ್ಬರಿಗೂ ಕಾಣುವ ಹಾಗೆ ಹಿಡಿದೆ, ಆದರೆ ಭಯ ಹೋಗಲಿಲ್ಲ. ಅವಳು ಓದು ನಿಂತುಹೋದಲ್ಲಿಂದಲೇ, ಪ್ಲೇಗಿನಿಂದಲೇ ಶುರುಮಾಡಿದಳು. ಕಥೆ ನನ್ನ ಕಿವಿಗೆ ಬೀಳಲಿಲ್ಲ. ನರ್ಸ್ ಫೋನ್ ಇಡುವ ತನಕ ಅವರ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಕೂತಿದ್ದೆ.